ಮಂಡಿಯ ಅಸ್ಥಿರಜ್ಜು ಮರುನಿರ್ಮಾಣ: ಕಸಿಯ ಸಿದ್ಧತೆಯಿಂದ ಅದರ ಬಲದ ಮೇಲಾಗುವ ಪರಿಣಾಮ

ತೊಡೆಯ ಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಮಂಡಿಯೊಳಗೆ ಓರೆಯಾಗಿ ಬಂಧಿಸುವ, ಸುಮಾರು 3 ಸೆಂಟಿಮೀಟರ್ ಉದ್ದದ ಗಟ್ಟಿಯಾದ ನಾರಿನ ಪಟ್ಟಿಯನ್ನು ವೈದ್ಯಶಾಸ್ತ್ರದಲ್ಲಿ ಮುಂಭಾಗದ ಅಡ್ಡ ಅಸ್ಥಿರಜ್ಜು ಎಂದು ಕರೆಯಲಾಗುತ್ತದೆ. ಜನಬಳಕೆಯಲ್ಲಿ ಇದು ಎಸಿಎಲ್ ಅಥವಾ ಮಂಡಿಯ ಲಿಗಮೆಂಟ್ ಎಂದು ಪರಿಚಿತವಾಗಿದೆ. ಕೆಳಗಾಲು ಮುಂದಕ್ಕೆ ಜಾರದಂತೆ ಹಾಗೂ ಮಂಡಿ ಮಿತಿಮೀರಿ ತಿರುಚಿಕೊಳ್ಳದಂತೆ ತಡೆಯುವುದು ಇದರ ಕೆಲಸ. ಕಬಡ್ಡಿ ಅಂಕಣದಲ್ಲಿ ಹಠಾತ್ತನೆ ದಿಕ್ಕು ಬದಲಿಸುವಾಗ, ದ್ವಿಚಕ್ರ ವಾಹನದಿಂದ ಬಿದ್ದಾಗ ಅಥವಾ ಗದ್ದೆಯ ಬದುವಿನಲ್ಲಿ ಕಾಲು ಜಾರಿದಾಗ ಇದು ಹರಿಯುವುದುಂಟು. ಪೂರ್ಣವಾಗಿ ಹರಿದ ರಜ್ಜು ಮುರಿದ ಮೂಳೆಯಂತೆ ತಾನಾಗಿಯೇ ಕೂಡಿಕೊಳ್ಳುತ್ತದೆಂದು ನೆಚ್ಚುವಂತಿಲ್ಲ. ಆದುದರಿಂದ ಮಂಡಿ ಪದೇ ಪದೇ ಕುಸಿಯುವ ರೋಗಿಗಳಿಗೆ ಬೇರೊಂದು ಕಡೆಯ ಸ್ನಾಯುರಜ್ಜುವನ್ನು ತೆಗೆದು, ಹರಿದುದರ ಸ್ಥಾನದಲ್ಲಿ ಕೂರಿಸುವ ಶಸ್ತ್ರಚಿಕಿತ್ಸೆಯನ್ನು ಮಾಡಲಾಗುತ್ತದೆ. ಹೀಗೆ ಕೂರಿಸುವ ರಜ್ಜುವನ್ನು ಈ ಲೇಖನದಲ್ಲಿ ಕಸಿ ಎಂದು ಹೇಳಲಾಗಿದೆ.

ಸದರಿ ಶಸ್ತ್ರಚಿಕಿತ್ಸೆ ಎಲ್ಲರಿಗೂ ಅನಿವಾರ್ಯವಲ್ಲ ಎಂಬುದನ್ನು ಮೊದಲಿಗೇ ತಿಳಿಸುವುದು ಸೂಕ್ತ. ಸ್ವೀಡನ್ ದೇಶದಲ್ಲಿ 121 ಯುವ ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲು ವ್ಯಾಯಾಮ ಚಿಕಿತ್ಸೆ ಪಡೆದು ಅಗತ್ಯವಿದ್ದರೆ ಮಾತ್ರ ಶಸ್ತ್ರಚಿಕಿತ್ಸೆ ಎಂದು ನಿಗದಿಯಾಗಿದ್ದ 59 ಮಂದಿಯ ಪೈಕಿ 23 ಮಂದಿಗೆ ಮಾತ್ರ ಎರಡು ವರ್ಷಗಳ ಒಳಗೆ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಯಾರಿಗೆ ಅಗತ್ಯ, ಯಾರಿಗೆ ಅಲ್ಲ ಎಂಬುದು ಮಂಡಿಯ ಪರೀಕ್ಷೆ, ಜೊತೆಗಿರುವ ಇತರ ಗಾಯಗಳು ಮತ್ತು ರೋಗಿಯ ಕೆಲಸದ ಸ್ವರೂಪವನ್ನು ನೋಡಿ ತಜ್ಞ ವೈದ್ಯರು ನಿರ್ಧರಿಸುವ ವಿಷಯವಾಗಿರುತ್ತದೆ.

ಶಸ್ತ್ರಚಿಕಿತ್ಸೆಗೆ ಬರುವ ರೋಗಿಗಳು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಯಾವ ರಜ್ಜು ಹೆಚ್ಚು ಗಟ್ಟಿ, ಎಷ್ಟು ದಿನಕ್ಕೆ ಓಡಬಹುದು. ತೆಗೆದ ರಜ್ಜುವನ್ನು ಮಂಡಿಯೊಳಗೆ ಸೇರಿಸುವ ಮೊದಲು ಹೇಗೆ ಸಿದ್ಧಪಡಿಸಲಾಗುತ್ತದೆ ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಶಸ್ತ್ರಚಿಕಿತ್ಸಾ ಕೊಠಡಿಯ ಪಕ್ಕದ ಮೇಜಿನ ಮೇಲೆ ಅಲ್ಪ ಹೊತ್ತಿನಲ್ಲಿ ಮುಗಿಯುವ ಈ ಕೆಲಸ ರೋಗಿಗೆ ಕಾಣುವುದಿಲ್ಲ, ಬಿಲ್ಲಿನಲ್ಲಿಯೂ ಪ್ರತ್ಯೇಕವಾಗಿ ನಮೂದಾಗುವುದಿಲ್ಲ. ಆದರೆ ಒಂದೇ ರಜ್ಜು ಎರಡು ರೀತಿಯ ಸಿದ್ಧತೆಯಲ್ಲಿ ಎರಡು ಬಗೆಯ ಬಲವನ್ನು ತೋರುತ್ತದೆ ಎಂಬುದು ಪ್ರಯೋಗಗಳಿಂದ ದೃಢಪಟ್ಟಿದೆ.

ಬಲವನ್ನು ಅಳೆಯುವ ಬಗೆ

ರಜ್ಜುವಿನ ಎರಡು ತುದಿಗಳನ್ನು ಯಂತ್ರದಲ್ಲಿ ಹಿಡಿಸಿ, ಹರಿಯುವವರೆಗೆ ಎಳೆದು, ಹರಿಯುವ ಕ್ಷಣದಲ್ಲಿದ್ದ ಬಲವನ್ನು ನ್ಯೂಟನ್ ಎಂಬ ಮಾನದಲ್ಲಿ ದಾಖಲಿಸಲಾಗುತ್ತದೆ. ಒಂದು ಕಿಲೋಗ್ರಾಂ ತೂಕವನ್ನು ತೂಗುಹಾಕಿದಾಗ ಹಗ್ಗದ ಮೇಲೆ ಬೀಳುವ ಎಳೆತ ಸುಮಾರು 10 ನ್ಯೂಟನ್ ಎಂದು ತಿಳಿದರೆ ಲೆಕ್ಕ ಸುಲಭವಾಗುತ್ತದೆ. ಅಮೆರಿಕದಲ್ಲಿ 1991ರಲ್ಲಿ ಪ್ರಕಟವಾದ ಅಳತೆಯ ಪ್ರಕಾರ, 22ರಿಂದ 35 ವರ್ಷದವರ ಸಹಜ ಅಸ್ಥಿರಜ್ಜು ಸರಾಸರಿ 2160 ನ್ಯೂಟನ್ ಬಲದವರೆಗೆ ತಡೆದುಕೊಂಡಿತು. ಅಂದರೆ ಎರಡು ಕ್ವಿಂಟಾಲಿಗೂ ಮೀರಿದ ತೂಕ. 60 ವರ್ಷ ದಾಟಿದವರಲ್ಲಿ ಅದೇ ರಜ್ಜು 658 ನ್ಯೂಟನ್‌ಗೆ ಹರಿಯಿತು. ದಿನನಿತ್ಯದ ಚಟುವಟಿಕೆಗಳಲ್ಲಿ ಈ ರಜ್ಜುವಿನ ಮೇಲೆ ಬೀಳುವ ಎಳೆತವನ್ನು ಸುಮಾರು 454 ನ್ಯೂಟನ್ ಎಂದು 1984ರಲ್ಲಿ ಅಂದಾಜು ಮಾಡಲಾಗಿತ್ತು. ಸಹಜ ರಜ್ಜುವಿನಲ್ಲಿ ಅಗತ್ಯಕ್ಕಿಂತ ಹಲವು ಪಟ್ಟು ಹೆಚ್ಚುವರಿ ಬಲ ಇರುತ್ತದೆ. ಕಸಿಯಲ್ಲಿಯೂ ಅಂತಹ ಹೆಚ್ಚುವರಿ ಇರಬೇಕೆಂಬುದು ಉದ್ದೇಶ.

ಕಸಿಯನ್ನು ತೆಗೆಯುವ ಸ್ಥಳಗಳು

ತೊಡೆಯ ಹಿಂಭಾಗದ ಸ್ನಾಯುಗಳಿಗೆ ಸೇರಿದ ಸೆಮಿಟೆಂಡಿನೋಸಸ್ ಮತ್ತು ಗ್ರ್ಯಾಸಿಲಿಸ್ ಎಂಬ ಎರಡು ಉದ್ದನೆಯ ರಜ್ಜುಗಳನ್ನು ಮಂಡಿಯ ಒಳಮಗ್ಗುಲ ಕೆಳಗೆ ಸಣ್ಣ ಗಾಯ ಮಾಡಿ ತೆಗೆಯುವುದು ವ್ಯಾಪಕವಾಗಿ ಬಳಕೆಯಲ್ಲಿರುವ ವಿಧಾನ. ಮಂಡಿಚಿಪ್ಪಿನ ಕೆಳಗಿನ ರಜ್ಜುವಿನ ನಡುವಿನ ಭಾಗವನ್ನು ಸುಮಾರು 10 ಮಿಲಿಮೀಟರ್ ಅಗಲಕ್ಕೆ, ಎರಡೂ ತುದಿಗಳಲ್ಲಿ ಮೂಳೆಯ ಚಿಕ್ಕ ತುಂಡುಗಳ ಸಮೇತ ತೆಗೆಯುವುದು ಇನ್ನೊಂದು ವಿಧಾನ. ಇದರ ಬಲ 1993ರ ಪ್ರಯೋಗವೊಂದರಲ್ಲಿ ಸರಾಸರಿ 2977 ನ್ಯೂಟನ್ ಎಂದು ಕಂಡುಬಂದಿದೆ. ಮೂಳೆಗೆ ಮೂಳೆ ಬೇಗ ಕೂಡಿಕೊಳ್ಳುವುದು ಇದರ ಅನುಕೂಲ. ಮಂಡಿಯೂರಿ ಕೂರುವಾಗ ಮುಂಭಾಗದಲ್ಲಿ ನೋವು ಉಳಿಯುವ ಸಂಭವ ಹೆಚ್ಚಿರುವುದು ಅನನುಕೂಲ. ನೆಲ ಸಾರಿಸುವವರು, ಕಳೆ ಕೀಳುವವರು, ಟೈಲ್ಸ್ ಹಾಸುವವರು, ನಮಾಜು ಅಥವಾ ಪೂಜೆಗೆ ಮಂಡಿಯೂರುವವರು ಈ ಅಂಶವನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸುವುದು ಒಳ್ಳೆಯದು. ಮಂಡಿಚಿಪ್ಪಿನ ಮೇಲ್ಭಾಗದ ರಜ್ಜುವನ್ನೂ ಕೆಲವು ಕಡೆ ಬಳಸಲಾಗುತ್ತಿದೆ.

ತೊಡೆಯ ಹಿಂಭಾಗದ ರಜ್ಜುಗಳನ್ನು ಮಡಚಿ, ಎಳೆ ಕೂಡಿಸಿ, ಹೊಲಿದು ಸಿದ್ಧಪಡಿಸಬೇಕಾಗಿರುವುದರಿಂದ ಸಿದ್ಧತೆಯ ಪ್ರಭಾವವು ಅವುಗಳಲ್ಲಿಯೇ ಹೆಚ್ಚು. ಮುಂದಿನ ವಿವರಣೆ ಬಹುಮಟ್ಟಿಗೆ ಅವುಗಳಿಗೆ ಸಂಬಂಧಿಸಿದೆ.

ತೆಗೆಯುವ ಹಂತದಲ್ಲಿಯೇ ಒಂದು ಎಚ್ಚರ ಅಗತ್ಯ. ಸೆಮಿಟೆಂಡಿನೋಸಸ್ ರಜ್ಜುವಿನಿಂದ ಮೀನಖಂಡದ ಕಡೆಗೆ ನಾರಿನ ಅಡ್ಡಪಟ್ಟಿಗಳು ಹೊರಟಿರುತ್ತವೆ. ಇವುಗಳನ್ನು ಗುರುತಿಸಿ ಬಿಡಿಸದೆ ಸಾಧನವನ್ನು ಮೇಲಕ್ಕೆ ನೂಕಿದಲ್ಲಿ, ಸಾಧನ ದಾರಿ ತಪ್ಪಿ ರಜ್ಜು ಮಧ್ಯದಲ್ಲಿಯೇ ತುಂಡಾಗಬಹುದು. ತುಂಡಾದ ರಜ್ಜು ಎಷ್ಟೇ ಗಟ್ಟಿಯಾಗಿದ್ದರೂ ಬೇಕಾದಷ್ಟು ಸಲ ಮಡಚಲು ಉದ್ದ ಸಾಲುವುದಿಲ್ಲ.

ಎಳೆಗಳು ಸಮನಾಗಿ ಬಿಗಿಯಾಗಿರಬೇಕು

ಅಮೆರಿಕದ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ವಿಷಯದಲ್ಲಿ ಇಂದಿಗೂ ಆಧಾರವಾಗಿದೆ. ಗ್ರ್ಯಾಸಿಲಿಸ್‌ನ ಒಂದು ಎಳೆ 837 ನ್ಯೂಟನ್ ಹಾಗೂ ಸೆಮಿಟೆಂಡಿನೋಸಸ್‌ನ ಒಂದು ಎಳೆ 1060 ನ್ಯೂಟನ್ ಬಲಕ್ಕೆ ಹರಿದವು. ಪ್ರತಿಯೊಂದನ್ನೂ ಎರಡು ಎಳೆಯಾಗಿ ಮಾಡಿ, ಎರಡಕ್ಕೂ ಸಮ ತೂಕ ಕಟ್ಟಿ ಬಿಗಿಗೊಳಿಸಿದಾಗ ಬಲವು ಕ್ರಮವಾಗಿ 1550 ಮತ್ತು 2330 ನ್ಯೂಟನ್‌ಗೆ ಏರಿತು. ನಾಲ್ಕೂ ಎಳೆಗಳನ್ನು ಒಟ್ಟುಗೂಡಿಸಿ, ತೂಕ ಕಟ್ಟಿ ಸಮನಾಗಿ ಬಿಗಿಗೊಳಿಸಿದಾಗ 4090 ನ್ಯೂಟನ್ ದೊರೆಯಿತು. ಇದು ಯುವಕರ ಸಹಜ ರಜ್ಜುವಿನ ಬಲದ ಸುಮಾರು ಎರಡು ಪಟ್ಟು.

ಪ್ರಯೋಗದ ಮುಖ್ಯ ಫಲಿತಾಂಶ ಇದರ ನಂತರದ್ದು. ಅದೇ ಬಗೆಯ ನಾಲ್ಕು ಎಳೆಗಳನ್ನು ತೂಕ ಕಟ್ಟದೆ, ಕೈಯಿಂದ ಎಳೆದು ಸಮ ಎನಿಸಿದ ಮಟ್ಟಿಗೆ ಬಿಗಿಗೊಳಿಸಿ ಪರೀಕ್ಷಿಸಲಾಯಿತು. ಆಗ ದೊರೆತ ಬಲ, ಸಮನಾಗಿ ಬಿಗಿಗೊಳಿಸಿದ ಸೆಮಿಟೆಂಡಿನೋಸಸ್‌ನ ಎರಡೇ ಎಳೆಗಳ ಬಲಕ್ಕಿಂತ ಗಣನೀಯವಾಗಿ ಹೆಚ್ಚಿರಲಿಲ್ಲ. ಎಳೆಗಳು ನಾಲ್ಕಿದ್ದರೂ ಲೆಕ್ಕಕ್ಕೆ ಬಂದದ್ದು ಎರಡರಷ್ಟೇ ಎಂದಾಯಿತು.

ಕಾರಣ ಸರಳವಾದುದು. ನಾಲ್ವರು ಹೊತ್ತ ಪಲ್ಲಕ್ಕಿಯಲ್ಲಿ ಒಬ್ಬನು ಕುಳ್ಳನಾಗಿದ್ದರೆ ಅವನ ಹೆಗಲಿಗೆ ಭಾರ ತಾಗುವುದೇ ಇಲ್ಲ. ಉಳಿದವರು ಹೆಚ್ಚು ಹೊರುತ್ತಾರೆ. ಅದರಂತೆಯೇ ನಾಲ್ಕು ಎಳೆಗಳಲ್ಲಿ ಒಂದೆರಡು ಸಡಿಲವಾಗಿದ್ದರೆ ಬಿಗಿಯಾಗಿರುವ ಎಳೆಗಳು ಮೊದಲು ಪೂರ್ಣ ಭಾರ ಹೊತ್ತು ಹರಿಯುತ್ತವೆ, ಆನಂತರ ಸಡಿಲವಾಗಿದ್ದವುಗಳ ಸರದಿ ಬರುತ್ತದೆ. ಸಡಿಲ ಎಳೆಯನ್ನು ಕಣ್ಣಿನಿಂದ ಪತ್ತೆಹಚ್ಚುವುದು ಕಷ್ಟ. ಹೊರನೋಟಕ್ಕೆ ಕಸಿ ದಪ್ಪವಾಗಿಯೂ ಅಂದವಾಗಿಯೂ ಕಾಣುತ್ತದೆ. ಈ ಕಾರಣದಿಂದ ಅನೇಕ ಶಸ್ತ್ರಚಿಕಿತ್ಸಕರು ಪ್ರತಿ ರಜ್ಜುವಿನ ತುದಿಯ ದಾರಗಳನ್ನು ಪ್ರತ್ಯೇಕವಾಗಿ ಎಳೆದು ಹಿಡಿಯುತ್ತಾರೆ, ಎಳೆಗಳನ್ನು ಬಿಗಿಯಾಗಿರುವಾಗಲೇ ಒಟ್ಟಿಗೆ ಹೊಲಿಯುತ್ತಾರೆ, ಹಾಗೂ ಒಂದು ತುದಿಯನ್ನು ಮೂಳೆಗೆ ಬಿಗಿದ ಮೇಲೆ ಮಂಡಿಯನ್ನು ಹಲವು ಬಾರಿ ಮಡಚಿ ಚಾಚಿ, ಎಳೆಗಳು ಸಮನಾಗಿ ಕುಳಿತ ನಂತರವೇ ಇನ್ನೊಂದು ತುದಿಯನ್ನು ಬಿಗಿಯುತ್ತಾರೆ.

ಎಳೆಗಳನ್ನು ಜಡೆಯಂತೆ ಹೆಣೆದರೆ ಇನ್ನಷ್ಟು ಗಟ್ಟಿಯಾಗಬಹುದಲ್ಲವೇ ಎಂಬ ಅನುಮಾನ ಸಹಜ. ತೆಂಗಿನ ನಾರನ್ನು ಹೊಸೆದು ಹಗ್ಗ ಮಾಡುವುದನ್ನು ಕಂಡವರಿಗೆ ಹಾಗೆ ತೋಚುವುದು ಸರಿಯೇ. ಆದರೆ ತೆಂಗಿನ ನಾರು ಗೇಣುದ್ದದ್ದು; ಹೊಸೆಯದಿದ್ದರೆ ನಾರುಗಳು ಒಂದನ್ನೊಂದು ಹಿಡಿಯದೆ ಜಾರಿಹೋಗುತ್ತವೆ. ಸ್ನಾಯುರಜ್ಜುವಿನ ನಾರುಗಳು ಕಸಿಯ ಉದ್ದಕ್ಕೂ ಸಾಗಿರುತ್ತವೆ ಮತ್ತು ನೇರವಾಗಿ ಎಳೆದಾಗಲೇ ಹೆಚ್ಚು ಬಲ ಕೊಡುತ್ತವೆ. ಹೆಣೆದಾಗ ಅವು ಎಳೆತದ ದಿಕ್ಕಿಗೆ ಓರೆಯಾಗುತ್ತವೆ. ಪ್ರಯೋಗಗಳಲ್ಲಿ ಹೆಣಿಗೆಯಿಂದ ಬಲ ಹೆಚ್ಚಿದ್ದು ಕಂಡುಬಂದಿಲ್ಲ, ಕೆಲವದರಲ್ಲಿ ಕಡಿಮೆಯಾಗಿದೆ.

ದಪ್ಪದ ಲೆಕ್ಕ

ಮಡಚಿ ಸಿದ್ಧಪಡಿಸಿದ ಕಸಿಯನ್ನು ಅರ್ಧ ಮಿಲಿಮೀಟರ್ ಅಂತರದಲ್ಲಿ ರಂಧ್ರಗಳಿರುವ ಅಳತೆಯ ಕೊಳವೆಗಳಲ್ಲಿ ತೂರಿಸಿ ಅದರ ವ್ಯಾಸವನ್ನು ನಿರ್ಧರಿಸಲಾಗುತ್ತದೆ. ಮೂಳೆಯಲ್ಲಿ ಕೊರೆಯುವ ಸುರಂಗದ ಅಳತೆಯೂ ಇದನ್ನೇ ಅವಲಂಬಿಸಿರುತ್ತದೆ. ಸುರಂಗ ಸಡಿಲವಾದರೆ ಕಸಿ ಮೂಳೆಗೆ ಅಂಟಿಕೊಳ್ಳುವುದು ಕಷ್ಟ.

ಒಂದು ಮಿಲಿಮೀಟರ್ ವ್ಯತ್ಯಾಸ ದೊಡ್ಡದೇ ಎಂದು ಕೆಲವರಿಗೆ ಅನ್ನಿಸಬಹುದು. 7 ಮಿಲಿಮೀಟರ್ ವ್ಯಾಸದ ಕಸಿಯ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 38 ಚದರ ಮಿಲಿಮೀಟರ್, 8 ಮಿಲಿಮೀಟರ್‌ನದು ಸುಮಾರು 50, 9 ಮಿಲಿಮೀಟರ್‌ನದು ಸುಮಾರು 64. ಅಂದರೆ 7ರಿಂದ 8ಕ್ಕೆ ಹೋದಾಗ ಭಾರ ಹೊರುವ ನಾರಿನ ಪ್ರಮಾಣ ಶೇಕಡ 30ರಷ್ಟು ಏರುತ್ತದೆ. ಅಮೆರಿಕದಲ್ಲಿ 256 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ, 8 ಮಿಲಿಮೀಟರ್‌ಗಿಂತ ದಪ್ಪ ಕಸಿ ಪಡೆದವರಲ್ಲಿ ಶೇಕಡ 1.7, ಏಳೂವರೆಯಿಂದ 8 ಮಿಲಿಮೀಟರ್ ಕಸಿ ಪಡೆದವರಲ್ಲಿ ಶೇಕಡ 6.5, ಹಾಗೂ 7 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳು ಕಸಿ ಪಡೆದವರಲ್ಲಿ ಶೇಕಡ 13.6 ಮಂದಿಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಯಿತು. 20 ವರ್ಷದೊಳಗಿನವರಲ್ಲಿ 8 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾದ ಕಸಿ ಮತ್ತೆ ಶಸ್ತ್ರಚಿಕಿತ್ಸೆಗೆ ದಾರಿಮಾಡುವ ಸಂಭವ ಹೆಚ್ಚೆಂದು ವರದಿ ಹೇಳಿದೆ. ಇದು ಒಂದು ಕಡೆಯ ರೋಗಿಗಳ ಲೆಕ್ಕ. ಎಲ್ಲ ಊರಿನವರಿಗೂ ಇದೇ ಪ್ರಮಾಣ ಅನ್ವಯಿಸುತ್ತದೆಂದು ಭಾವಿಸತಕ್ಕದ್ದಲ್ಲ. ಆದಾಗ್ಯೂ 8 ಮಿಲಿಮೀಟರ್ ಎಂಬ ಗಡಿಯನ್ನು ಶಸ್ತ್ರಚಿಕಿತ್ಸಕರು ಈಗ ಸಾಮಾನ್ಯವಾಗಿ ಗಮನದಲ್ಲಿಟ್ಟುಕೊಳ್ಳುತ್ತಾರೆ.

ಎತ್ತರ ಕಡಿಮೆಯಿರುವವರಲ್ಲಿ ಈ ರಜ್ಜುಗಳು ತೆಳುವಾಗಿರುವ ಸಂಭವ ಹೆಚ್ಚು. ಅಂತಹ ಸಂದರ್ಭದಲ್ಲಿ ಒಂದು ರಜ್ಜುವನ್ನು ಮೂರು ಎಳೆಯಾಗಿ ಮಡಚಿ ಒಟ್ಟು ಐದು ಅಥವಾ ಆರು ಎಳೆಗಳ ಕಸಿಯನ್ನು ಸಿದ್ಧಪಡಿಸುವುದುಂಟು. ಎಳೆಗಳು ಹೆಚ್ಚಿದಂತೆಲ್ಲ ಅವುಗಳನ್ನು ಸಮನಾಗಿ ಬಿಗಿಗೊಳಿಸುವ ಕೆಲಸವೂ ಕಷ್ಟವಾಗುತ್ತದೆ ಎಂಬುದನ್ನು ಮೇಲಿನ ವಿವರಣೆಯಿಂದ ಊಹಿಸಬಹುದು. ದಪ್ಪವನ್ನು ಮಾತ್ರ ಕೇಳಿ ಸಮಾಧಾನಪಡುವುದು ಅರ್ಧ ಲೆಕ್ಕ ನೋಡಿದಂತೆ.

ಮುಂಚಿತವಾಗಿ ಎಳೆದಿಡುವುದು

ಬಟ್ಟೆ ಒಣಹಾಕಲು ಕಟ್ಟಿದ ಹೊಸ ಹಗ್ಗ ನಾಲ್ಕು ದಿನಕ್ಕೆ ಜೋತುಬೀಳುತ್ತದೆ. ಹಗ್ಗ ಹರಿದಿರುವುದಿಲ್ಲ, ಭಾರಕ್ಕೆ ಹಿಗ್ಗಿರುತ್ತದೆ. ಸ್ನಾಯುರಜ್ಜುವಿಗೂ ಇದೇ ಗುಣವಿದೆ. ಮಡಿಕೆಗಳಲ್ಲಿ, ಗಂಟುಗಳಲ್ಲಿ, ಹೊಲಿಗೆಗಳಲ್ಲಿ ಅಡಗಿರುವ ಸಡಿಲವೂ ಇದಕ್ಕೆ ಸೇರುತ್ತದೆ. ಇದನ್ನು ಮೊದಲೇ ತೆಗೆಯದೆ ಕಸಿಯನ್ನು ಮಂಡಿಯೊಳಗೆ ಬಿಗಿದರೆ, ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಬಿಗಿಯಾಗಿದ್ದ ಮಂಡಿ ಕೆಲವು ವಾರಗಳಲ್ಲಿ ಮತ್ತೆ ಸಡಿಲಗೊಳ್ಳಬಹುದು. ಕಸಿ ಹರಿಯದಿದ್ದರೂ ಕೆಲವೇ ಮಿಲಿಮೀಟರ್ ಹಿಗ್ಗಿದರೆ ಸಾಕು, ರೋಗಿಗೆ ಹಳೆಯ ತೊಂದರೆ ಮರುಕಳಿಸಿದಂತಾಗುತ್ತದೆ.

ಆದುದರಿಂದ ಕಸಿಯನ್ನು ವಿಶೇಷ ಹಲಗೆಯ ಮೇಲೆ ಎರಡೂ ತುದಿ ಹಿಡಿಸಿ, ಸ್ವಲ್ಪ ಹೊತ್ತು ನಿಗದಿತ ಬಲದಲ್ಲಿ ಎಳೆದಿಡಲಾಗುತ್ತದೆ. ಸುಮಾರು 9 ಕಿಲೋಗ್ರಾಂ ತೂಕಕ್ಕೆ ಸಮನಾದ 89 ನ್ಯೂಟನ್ ಎಳೆತ ಬಹಳ ಕಾಲದಿಂದ ಬಳಕೆಯಲ್ಲಿರುವ ಅಳತೆ. ಮಿತಿಮೀರಿ ಎಳೆಯುವುದರಿಂದ ನಾರುಗಳಿಗೆ ಹಾನಿಯಾಗಬಹುದು. ಹಲಗೆಯಿಂದ ತೆಗೆದ ಮೇಲೆ ಕಸಿಯನ್ನು ಬಹಳ ಹೊತ್ತು ಸುಮ್ಮನೆ ಬಿಟ್ಟರೆ, ಎಳೆದದ್ದರ ಪ್ರಯೋಜನ ಭಾಗಶಃ ಕಳೆದುಹೋಗುತ್ತದೆ. ಹಲಗೆಯ ಮೇಲೆ ಎಳೆದಿಡುವುದು ಮತ್ತು ಅಂತಿಮವಾಗಿ ಬಿಗಿಯುವ ಮುನ್ನ ಮಂಡಿಯನ್ನು ಆಡಿಸುವುದು, ಇವೆರಡೂ ಒಂದೇ ಉದ್ದೇಶಕ್ಕಾಗಿ ಮಾಡುವ ಕ್ರಮಗಳಾಗಿವೆ.

ತೇವ, ಹೊಲಿಗೆ ಮತ್ತು ಔಷಧ

ತೆಗೆದ ರಜ್ಜುವಿಗೆ ಅಂಟಿರುವ ಸ್ನಾಯುವಿನ ಮಾಂಸವನ್ನು ಕೆರೆದು ತೆಗೆಯಲಾಗುತ್ತದೆ. ಮಾಂಸದ ಭಾಗ ಭಾರ ಹೊರುವುದಿಲ್ಲ, ದಪ್ಪದ ಅಳತೆಯನ್ನು ಮಾತ್ರ ಹೆಚ್ಚಿಸಿ ತೋರಿಸುತ್ತದೆ. ಹರಿತವಾದ ಅಲಗಿನಿಂದ ನಾರನ್ನೇ ಗೀರಿದರೆ ಅಲ್ಲಿ ದುರ್ಬಲ ಸ್ಥಾನ ಉಂಟಾಗುತ್ತದೆ. ತುದಿಗಳನ್ನು ಹೊಲಿಯುವಾಗಲೂ ಇದೇ ಎಚ್ಚರ ಬೇಕು: ಹೊಲಿಗೆ ನಾರನ್ನು ಹಿಡಿದಿರಬೇಕು, ಸೀಳಬಾರದು, ಹೊಸ ಸೂಜಿಹೊಲಿಗೆ ಹಳೆಯ ದಾರವನ್ನು ಕತ್ತರಿಸಬಾರದು.

ಶಸ್ತ್ರಚಿಕಿತ್ಸಾ ಕೊಠಡಿಯ ಪ್ರಖರ ದೀಪಗಳ ಕೆಳಗೆ ತೆರೆದಿಟ್ಟ ರಜ್ಜು ಬೇಗ ಒಣಗುತ್ತದೆ. ಒಣಗಿದ ರಜ್ಜುವಿನ ಗುಣ ಬದಲಾಗುತ್ತದೆ, ಅದರಲ್ಲಿರುವ ಜೀವಕೋಶಗಳಿಗೂ ಹಾನಿ. ಹಾಗೆಂದು ಲವಣಜಲದಲ್ಲಿ ಮುಳುಗಿಸಿಡುವುದೂ ಸಮಂಜಸವಲ್ಲ. ರಜ್ಜು ನೀರು ಹೀರಿ ಊದಿಕೊಂಡು, ಅಳತೆಗೆ ಕೊರೆದ ಸುರಂಗದಲ್ಲಿ ತೂರುವುದು ಕಷ್ಟವಾಗುತ್ತದೆ. ಲವಣಜಲದಲ್ಲಿ ತೋಯಿಸಿ ಹಿಂಡಿದ ಗಾಜ್ ಬಟ್ಟೆಯಲ್ಲಿ ಸುತ್ತಿಡುವುದು ರೂಢಿಯಲ್ಲಿದೆ.

ಈಚಿನ ವರ್ಷಗಳಲ್ಲಿ ಅದೇ ಬಟ್ಟೆಯನ್ನು ವ್ಯಾಂಕೊಮೈಸಿನ್ ಎಂಬ ಪ್ರತಿಜೀವಕ ಔಷಧದ ದ್ರಾವಣದಲ್ಲಿ, ಪ್ರತಿ ಮಿಲಿಲೀಟರ್‌ಗೆ 5 ಮಿಲಿಗ್ರಾಂ ಪ್ರಮಾಣದಲ್ಲಿ, ತೋಯಿಸಿ ಬಳಸುವ ಕ್ರಮ ಹಲವು ದೇಶಗಳಲ್ಲಿ ಹಬ್ಬಿದೆ. ಆಸ್ಟ್ರೇಲಿಯಾದಿಂದ 2012ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಈ ಕ್ರಮವಿಲ್ಲದೆ ಚಿಕಿತ್ಸೆ ಪಡೆದ 285 ಮಂದಿಯಲ್ಲಿ 4 ಮಂದಿಗೆ ಸೋಂಕು ತಗುಲಿತ್ತು. ಈ ಕ್ರಮ ಅನುಸರಿಸಿದ 870 ಮಂದಿಯಲ್ಲಿ ಯಾರಿಗೂ ತಗುಲಲಿಲ್ಲ. ಔಷಧದಿಂದ ರಜ್ಜುವಿನ ಬಲ ಕುಗ್ಗುವುದೇ ಎಂಬ ಶಂಕೆ ಎದ್ದಿತ್ತು. ಇಷ್ಟು ಸಾಂದ್ರತೆಯಲ್ಲಿ, ಅಲ್ಪಾವಧಿಗೆ ಬಳಸಿದಾಗ ಬಲ ಗಣನೀಯವಾಗಿ ಕುಗ್ಗದೆಂದು ಪ್ರಯೋಗಾಲಯ ಪರೀಕ್ಷೆಗಳು ತೋರಿಸಿವೆ. ಮಂಡಿಯೊಳಗೆ ಸೋಂಕಾದರೆ ಕಸಿಯನ್ನೇ ಕಳೆದುಕೊಳ್ಳುವ ಅಪಾಯವಿರುವುದರಿಂದ ಇದು ಅಲ್ಪ ವಿಷಯವಲ್ಲ.

ದಾನಿಗಳಿಂದ ಪಡೆದ ರಜ್ಜು

ಮೃತ ದಾನಿಗಳ ರಜ್ಜುವನ್ನು ಅಂಗಾಂಶ ಬ್ಯಾಂಕಿನಲ್ಲಿ ಸಂಸ್ಕರಿಸಿ ಬಳಸುವ ಪದ್ಧತಿ ಪಾಶ್ಚಾತ್ಯ ದೇಶಗಳಲ್ಲಿ ಹೆಚ್ಚು. ಭಾರತದಲ್ಲಿ 1994ರ ಮಾನವ ಅಂಗಾಂಗ ಕಸಿ ಕಾಯಿದೆಗೆ 2011ರಲ್ಲಿ ತಂದ ತಿದ್ದುಪಡಿಯ ಮೂಲಕ ಅಂಗಾಂಶಗಳನ್ನೂ ಕಾಯಿದೆಯ ವ್ಯಾಪ್ತಿಗೆ ಒಳಪಡಿಸಲಾಗಿದ್ದು, ಅಂಗಾಂಶ ಬ್ಯಾಂಕುಗಳು ನೋಂದಣಿ ಹೊಂದಿರತಕ್ಕದ್ದು. ಇಂತಹ ರಜ್ಜುವಿನ ಬಲ ಸಂಸ್ಕರಣೆಯನ್ನು ಅವಲಂಬಿಸಿದೆ. ರೋಗಾಣುಗಳನ್ನು ಕೊಲ್ಲಲು ಬಳಸುವ ಗಾಮಾ ವಿಕಿರಣವು ಹೆಚ್ಚಿನ ಪ್ರಮಾಣದಲ್ಲಿ ರಜ್ಜುವಿನ ಕೊಲಾಜೆನ್ ಎಂಬ ಸಸಾರಜನಕದ ಎಳೆಗಳನ್ನೇ ತುಂಡರಿಸುತ್ತದೆ. ಎಥಿಲೀನ್ ಆಕ್ಸೈಡ್ ಅನಿಲದಿಂದ ಶುದ್ಧೀಕರಿಸಿದ ರಜ್ಜುಗಳು ಮಂಡಿಯೊಳಗೆ ಉರಿಯೂತ ಉಂಟುಮಾಡಿದ್ದರಿಂದ ಆ ವಿಧಾನವನ್ನು ಕೈಬಿಡಲಾಯಿತು. ಅಮೆರಿಕದ ಹಲವು ಆಸ್ಪತ್ರೆಗಳ ರೋಗಿಗಳನ್ನು ಒಳಗೊಂಡು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಾನಿಯ ರಜ್ಜು ಹರಿಯುವ ಸಂಭವ ಸ್ವಂತ ರಜ್ಜುವಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚೆಂದು ಕಂಡುಬಂತು. ಯುವ ಆಟಗಾರರಿಗೆ ಇದನ್ನು ಸಾಮಾನ್ಯವಾಗಿ ಸಲಹೆ ಮಾಡಲಾಗುವುದಿಲ್ಲ. ದುಬಾರಿಯಾದದ್ದು ಅಥವಾ ಹೊರದೇಶದಿಂದ ತರಿಸಿದ್ದು ಹೆಚ್ಚು ಗಟ್ಟಿ ಎಂಬ ಭಾವನೆಗೆ ಇಲ್ಲಿ ಆಧಾರವಿಲ್ಲ.

ಯಂತ್ರದ ಅಂಕಿಯೂ ದೇಹದ ಕಾಲವೂ

4090 ನ್ಯೂಟನ್ ಎಂಬ ಅಂಕಿಯನ್ನು ಓದಿ, ಸಹಜ ರಜ್ಜುವಿಗಿಂತಲೂ ಗಟ್ಟಿಯಾದ ಮಂಡಿ ದೊರೆಯಿತೆಂದು ತಿಳಿಯುವುದು ಅಪಾಯಕರ. ಅದು ಮೇಜಿನ ಮೇಲಿನ ಅಂಕಿ. ಮಂಡಿಯೊಳಗೆ ಹೋದ ದಿನದಿಂದ ಎರಡು ಬೇರೆ ಸಂಗತಿಗಳು ಲೆಕ್ಕಕ್ಕೆ ಬರುತ್ತವೆ.

ಮೊದಲನೆಯದು, ಕಸಿಯನ್ನು ಮೂಳೆಗೆ ಬಿಗಿದಿರುವ ಸ್ಕ್ರೂ ಅಥವಾ ಗುಂಡಿಯಂತಹ ಸಾಧನ. ಮೊದಲ ವಾರಗಳಲ್ಲಿ ಕಸಿಗಿಂತ ಈ ಬಿಗಿತವೇ ದುರ್ಬಲ ಕೊಂಡಿಯಾಗಿರುತ್ತದೆ. ನಾಯಿಗಳ ಮೇಲೆ ನಡೆಸಿ 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೂಳೆಯ ಸುರಂಗದಲ್ಲಿ ಕೂರಿಸಿದ ರಜ್ಜುವನ್ನು 2, 4 ಮತ್ತು 8 ವಾರಗಳ ನಂತರ ಎಳೆದಾಗ ಅದು ಸುರಂಗದಿಂದ ಕಿತ್ತುಬಂದಿತು. 12 ವಾರಗಳ ನಂತರ ಎಳೆದಾಗ ಸುರಂಗದಿಂದ ಕಿತ್ತುಬರಲಿಲ್ಲ.

ಎರಡನೆಯದು, ಕಸಿಯ ಒಳಗಿನ ಬದಲಾವಣೆ. ರಕ್ತ ಸಂಚಾರ ಕಡಿದುಹೋದ ಕಸಿಯ ಜೀವಕೋಶಗಳು ಮೊದಲು ಸಾಯುತ್ತವೆ, ಆಮೇಲೆ ಹೊಸ ರಕ್ತನಾಳಗಳೂ ಜೀವಕೋಶಗಳೂ ಒಳಸೇರಿ ನಾರನ್ನು ಮರುರೂಪಿಸುತ್ತವೆ. ಈ ಮರುರೂಪಣೆಯ ಆರಂಭದಲ್ಲಿ, ಸುಮಾರು 6ರಿಂದ 12 ವಾರಗಳ ಅವಧಿಯಲ್ಲಿ, ಕಸಿ ತನ್ನ ಅತ್ಯಂತ ದುರ್ಬಲ ಸ್ಥಿತಿಯಲ್ಲಿರುತ್ತದೆಂದು ಪರಿಗಣಿಸಲಾಗಿದೆ. ದುರದೃಷ್ಟವಶಾತ್ ಊತ ಇಳಿದು, ನೋವು ಕಡಿಮೆಯಾಗಿ, ರೋಗಿಗೆ ತಾನು ಗುಣವಾದೆನೆಂದು ಅನ್ನಿಸುವುದೂ ಇದೇ ಅವಧಿಯಲ್ಲಿ. ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಯ ದಿನಾಂಕವೋ ಊರಿನ ಪಂದ್ಯಾವಳಿಯೋ ಎದುರಿಗಿದ್ದಾಗ ಮೂರನೆಯ ತಿಂಗಳಿನಲ್ಲಿಯೇ ಓಡಲು ಹೊರಡುವ ಯುವಕರು ತಮ್ಮ ಕಸಿಯನ್ನು ಅದರ ಅತಿ ದುರ್ಬಲ ಹಂತದಲ್ಲಿ ಪರೀಕ್ಷೆಗೆ ಒಡ್ಡಿದಂತಾಗುತ್ತದೆ. ಪಂದ್ಯ ಮುಂದಿನ ವರ್ಷವೂ ಬರುತ್ತದೆ. ಎರಡನೆಯ ಬಾರಿ ತೆಗೆಯಲು ಅದೇ ಕಾಲಿನಲ್ಲಿ ಅದೇ ರಜ್ಜು ಇರುವುದಿಲ್ಲ. 2016ರಲ್ಲಿ ಪ್ರಕಟವಾದ ನಾರ್ವೆ ಹಾಗೂ ಅಮೆರಿಕ ಸಂಶೋಧಕರ ಅಧ್ಯಯನವು, ಆಟಕ್ಕೆ ಮರಳುವುದನ್ನು 9 ತಿಂಗಳವರೆಗೆ ಮುಂದೂಡಿದ ಪ್ರತಿ ತಿಂಗಳಿಗೂ ಮಂಡಿಯ ಮರುಗಾಯದ ಪ್ರಮಾಣ ಸುಮಾರು ಅರ್ಧದಷ್ಟು ಕಡಿಮೆಯಾಯಿತೆಂದು ವರದಿ ಮಾಡಿದೆ.

ಬಲವೊಂದೇ ಸಾಲದೆಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. 1980ರ ದಶಕದಲ್ಲಿ ಕೃತಕ ನಾರಿನ ರಜ್ಜುಗಳು ಬಂದವು. ಯಂತ್ರದ ಮೇಲೆ ಅವು ಅತ್ಯಂತ ಬಲಿಷ್ಠವಾಗಿದ್ದವು, ಕಾಯಬೇಕಾದ ಅವಧಿಯೂ ಕಡಿಮೆ ಎನ್ನಲಾಗಿತ್ತು. ಆದರೆ ಜೀವವಿಲ್ಲದ ನಾರು ಸವೆದುದನ್ನು ತಾನೇ ರಿಪೇರಿ ಮಾಡಿಕೊಳ್ಳಲಾರದು. ಮಂಡಿಯೊಳಗೆ ಅನೇಕವು ಸವೆದು ಹರಿದವು, ಉದುರಿದ ಕಣಗಳು ಉರಿಯೂತ ತಂದವು.

ಚಿಕಿತ್ಸೆಗೆ ಅರ್ಜಿ ಸಲ್ಲಿಸುವವರ ಗಮನಕ್ಕೆ

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಅಥವಾ ಇತರ ವಿಮೆಯಡಿ ಚಿಕಿತ್ಸೆ ಪಡೆಯಲಿಚ್ಛಿಸುವವರು, ತಮಗೆ ಸೂಚಿಸಿರುವ ಶಸ್ತ್ರಚಿಕಿತ್ಸೆಯು ಅನುಮೋದಿತ ಪಟ್ಟಿಯಲ್ಲಿದೆಯೇ, ಶಿಫಾರಸು ಪತ್ರ ಹಾಗೂ ಪೂರ್ವಾನುಮತಿ ಅಗತ್ಯವೇ, ಮೂಳೆಗೆ ಬಿಗಿಯುವ ಸಾಧನದ ವೆಚ್ಚ ಅದರಲ್ಲಿ ಸೇರಿದೆಯೇ ಎಂಬುದನ್ನು ದಾಖಲಾಗುವ ಮುನ್ನವೇ ಖಚಿತಪಡಿಸಿಕೊಳ್ಳತಕ್ಕದ್ದು.

ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ, ಯಾವ ರಜ್ಜುವನ್ನು ತೆಗೆಯಲಾಗುವುದು, ಅದು ತೆಳುವಾಗಿ ಕಂಡುಬಂದಲ್ಲಿ ಏನು ಕ್ರಮ, ಇನ್ನೊಂದು ಕಾಲಿನಿಂದಲೂ ತೆಗೆಯುವ ಸಂದರ್ಭ ಒದಗಬಹುದೇ ಎಂದು ಕೇಳಿ ತಿಳಿಯಬಹುದು. ಎಳೆಗಳನ್ನು ಹೇಗೆ ಬಿಗಿಗೊಳಿಸಬೇಕೆಂದು ವೈದ್ಯರಿಗೆ ಸೂಚಿಸುವುದು ರೋಗಿಯ ಕೆಲಸವಲ್ಲ. ಆದರೆ ತನ್ನ ಮಂಡಿಯಲ್ಲಿ ಏನನ್ನು ಹೇಗೆ ಕೂರಿಸಲಾಗಿದೆ ಎಂಬುದು ದಾಖಲೆಯಲ್ಲಿರುವಂತೆ ನೋಡಿಕೊಳ್ಳುವುದು ರೋಗಿಯ ಹಿತಕ್ಕೆ ಸಂಬಂಧಿಸಿದ್ದು. ಬಿಡುಗಡೆ ಸಾರಾಂಶದಲ್ಲಿ ಕೇವಲ ‘ಎಸಿಎಲ್ ಶಸ್ತ್ರಚಿಕಿತ್ಸೆ ಮಾಡಲಾಗಿದೆ’ ಎಂಬ ಒಂದು ಸಾಲು ಇದ್ದರೆ ಅದು ಸಾಲದು. ಕಸಿಯ ಮೂಲ, ಎಳೆಗಳ ಸಂಖ್ಯೆ, ಮಿಲಿಮೀಟರ್‌ಗಳಲ್ಲಿ ವ್ಯಾಸ, ಬಿಗಿದ ಸಾಧನದ ಹೆಸರು ಮತ್ತು ಅಳತೆ, ಮಂಡಿಯ ಇತರ ಗಾಯಗಳು, ಇವು ಶಸ್ತ್ರಚಿಕಿತ್ಸಾ ಟಿಪ್ಪಣಿಯಲ್ಲಿ ಇರಬೇಕು. ಸಾಧನದ ಪೊಟ್ಟಣದ ಮೇಲಿನ ಚೀಟಿಯನ್ನು ಕಡತಕ್ಕೆ ಅಂಟಿಸಿರುತ್ತಾರೆ. ಅದರ ಪ್ರತಿಯೂ ಉಪಯುಕ್ತ. ಮುಂದೊಂದು ದಿನ ಎಂಆರ್‌ಐ ಪರೀಕ್ಷೆ ಮಾಡಿಸುವಾಗ, ವ್ಯಾಯಾಮ ಚಿಕಿತ್ಸಕರ ಬಳಿ ಹೋಗುವಾಗ ಅಥವಾ ಮರು ಶಸ್ತ್ರಚಿಕಿತ್ಸೆ ಬೇಕಾದಲ್ಲಿ ಈ ವಿವರಗಳಿಲ್ಲದೆ ಮುಂದಿನ ವೈದ್ಯರು ಊಹೆಯ ಮೇಲೆ ನಡೆಯಬೇಕಾಗುತ್ತದೆ.

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನಾಂಕದಿಂದ ಮೂರು ವರ್ಷಗಳ ಕಾಲ ಇಟ್ಟಿರಬೇಕು. ರೋಗಿ ಅಥವಾ ಅಧಿಕೃತ ಪ್ರತಿನಿಧಿ ಕೋರಿದಲ್ಲಿ 72 ಗಂಟೆಗಳೊಳಗೆ ಒದಗಿಸಬೇಕು. ಕೋರಿಕೆಯನ್ನು ಲಿಖಿತವಾಗಿ ಸಲ್ಲಿಸಿ, ಅದರ ಇನ್ನೊಂದು ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿ ಪಡೆಯುವುದು ಸೂಕ್ತ. ಮೂರು ವರ್ಷ ಕಳೆದ ನಂತರ ದಾಖಲೆ ದೊರೆಯುವ ಭರವಸೆ ಇಲ್ಲದಿರುವುದರಿಂದ, ಬಿಡುಗಡೆಯಾಗುವ ದಿನವೇ ಶಸ್ತ್ರಚಿಕಿತ್ಸಾ ಟಿಪ್ಪಣಿಯ ಪ್ರತಿಯನ್ನು ಕೇಳಿ ಪಡೆಯತಕ್ಕದ್ದು. ಯೋಜನೆಗೆ ಸಂಬಂಧಿಸಿದ ಹೆಚ್ಚಿನ ವಿವರಗಳಿಗೆ ಸಂಬಂಧಪಟ್ಟ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು, ಪಡಿತರ ಚೀಟಿ ಹಾಗೂ ಆಧಾರ್ ಕಾರ್ಡಿನೊಂದಿಗೆ ಸಂಪರ್ಕಿಸಬಹುದು.